ನಕ್ಕವರೂ ಲೆಕ್ಕಕ್ಕೆ ಬರುತ್ತಾರೆ: ಶಾಲೆಯಲ್ಲಿ ಕಾಡಿಸುವುದರ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕಲಬುರಗಿ ಜಿಲ್ಲೆಯ ಹಿರಿಯ ಪ್ರಾಥಮಿಕ ಶಾಲೆಗಳಲ್ಲಿ ಬಹಳ ವರ್ಷ ಪಾಠ ಮಾಡಿದವಳು. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆ ಮುಗಿದ ಮೇಲೆ ಚಹಾ ಕುಡಿಯುತ್ತ, ಬಸ್ ಸ್ಟ್ಯಾಂಡಿನಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ ಕೂಡ ಅಪ್ಪ ಅಮ್ಮಂದಿರು ನನ್ನನ್ನು ಕೇಳಿದ ಪ್ರಶ್ನೆಗಳಿವು. ಒಂದೆರಡು ಮಕ್ಕಳೇ ಕೇಳಿದವು. ಆರರಿಂದ ಎಂಟನೇ ತರಗತಿಯ ಮಕ್ಕಳನ್ನು ಕಣ್ಣ ಮುಂದೆ ಇಟ್ಟುಕೊಂಡು ಉತ್ತರ ಬರೆದಿದ್ದೇನೆ.

"ಸುಮ್ನೆ ಚಾಷ್ಟಿ ಮಾಡೀವ್ರಿ ಟೀಚರ್" ಅಂತಾರೆ. ಚಾಷ್ಟಿ ಎಲ್ಲಿ ಮುಗಿಯುತ್ತದೆ, ಕಾಡಿಸುವುದು ಎಲ್ಲಿ ಶುರುವಾಗುತ್ತದೆ?

ಚಾಷ್ಟಿ ಅಂದರೆ ತಮಾಷೆ, ಅದರಲ್ಲಿ ಇಬ್ಬರೂ ನಗುತ್ತಾರೆ. ಇವತ್ತು ನೀನು ನನ್ನ ಕಾಲೆಳೆದರೆ ನಾಳೆ ನಾನು ನಿನ್ನ ಕಾಲೆಳೆಯುತ್ತೇನೆ. ಸಾಕು ಅಂದರೆ ಸಾಕು.

ಈ ವಿಷಯವನ್ನು ಮೊದಲು ಗಟ್ಟಿಯಾಗಿ ಕೂತು ಅಧ್ಯಯನ ಮಾಡಿದವರು ಡಾನ್ ಓಲ್ವೆಯುಸ್. ಸ್ವೀಡನ್‌ನಲ್ಲಿ ಹುಟ್ಟಿ ನಾರ್ವೆಯಲ್ಲಿ ಕೆಲಸ ಮಾಡಿದ ಮನಶ್ಶಾಸ್ತ್ರಜ್ಞ. 1970ರ ದಶಕದಿಂದಲೇ ಇದರ ಬೆನ್ನು ಹತ್ತಿದ್ದರು. ಅವರು ಹೇಳಿದ ಗುರುತು ಮೂರು. ಬೇಕಂತಲೇ ನೋಯಿಸುವುದು, ಮತ್ತೆ ಮತ್ತೆ ನೋಯಿಸುವುದು, ನೋಯಿಸಿಕೊಳ್ಳುವವನಿಗೆ ತಿರುಗಿ ನಿಲ್ಲುವ ಬಲ ಇಲ್ಲದಿರುವುದು.

ಬಲ ಅಂದರೆ ತೋಳಿನ ಬಲ ಅಷ್ಟೇ ಅಂದುಕೊಳ್ಳಬೇಡಿ. ಒಬ್ಬನ ಎದುರು ಐದು ಜನ ಇರುವುದೂ ಬಲವೇ. ಅಪ್ಪ ಪಂಚಾಯಿತಿ ಮೆಂಬರ್ ಆಗಿರುವುದು, ಮೇಲಿನ ಓಣಿಯವನಾಗಿರುವುದು, ಪಟಪಟ ಇಂಗ್ಲಿಷ್ ಬರುವುದು, ಎಲ್ಲವೂ ಬಲವೇ. ಪ್ರಾರ್ಥನೆ ಹೊತ್ತಿನಲ್ಲಿ ಯಾರದೋ ಚಪ್ಪಲಿ ಒಂದು ದಿನ ಮುಚ್ಚಿಟ್ಟರೆ ಅದು ತುಂಟತನ. ಮಾರ್ಚ್ ತಿಂಗಳ ಬಿಸಿಲಲ್ಲಿ ಒಂದೇ ಹುಡುಗನ ಚಪ್ಪಲಿ ದಿನಾ ಕಾಣೆಯಾಗಿ, ಅವನು ಬರಿಗಾಲಲ್ಲಿ ಮನೆಗೆ ಓಡುವಾಗ ಉಳಿದವರು ಕಾಂಪೌಂಡ್ ಮೇಲೆ ಕೂತು ನೋಡುತ್ತಿದ್ದರೆ, ಅದಕ್ಕೆ ಚಾಷ್ಟಿ ಅನ್ನಲು ನನಗೆ ಬಾಯಿ ಬರುವುದಿಲ್ಲ.

ಐದನೇ ತರಗತಿವರೆಗೆ ಚೆನ್ನಾಗಿದ್ದ ಮಕ್ಕಳು ಈಗ ಯಾಕೆ ಹೀಗೆ?

ಹನ್ನೊಂದು ಹನ್ನೆರಡರ ಹೊತ್ತಿಗೆ ಅಪ್ಪ ಅಮ್ಮ ಏನಂತಾರೆ ಅನ್ನುವುದಕ್ಕಿಂತ ದೋಸ್ತರು ಏನಂತಾರೆ ಅನ್ನುವುದು ದೊಡ್ಡದಾಗುತ್ತದೆ. ಗುಂಪಿನಲ್ಲಿ ತನ್ನ ಜಾಗ ಯಾವುದು ಅನ್ನುವ ಚಿಂತೆ ಹತ್ತುತ್ತದೆ. ಜೊತೆಗೆ ನಮ್ಮಲ್ಲಿ ಶಾಲೆ ಬದಲಾಗುವ ವಯಸ್ಸೂ ಇದೇ. ಮೊರಾರ್ಜಿ ವಸತಿ ಶಾಲೆಗೆ ಆರನೇ ತರಗತಿಗೆ ಹೋಗುತ್ತಾರೆ. ಊರಿನ ಶಾಲೆ ಏಳಕ್ಕೆ ಮುಗಿದರೆ ಎಂಟಕ್ಕೆ ಪಕ್ಕದೂರಿನ ಹೈಸ್ಕೂಲು. ನಿನ್ನೆಯವರೆಗೆ ಶಾಲೆಗೆಲ್ಲ ದೊಡ್ಡವನಾಗಿದ್ದವನು ಇವತ್ತು ಎಲ್ಲರಿಗಿಂತ ಸಣ್ಣವ.

ನಮ್ಮ ಭಾಗದಲ್ಲಿ ಮಕ್ಕಳು ಯಾವುದನ್ನು ಹಿಡಿದು ಹಂಗಿಸುತ್ತಾರೆ?

ಮೊದಲು ಭಾಷೆ. ಬೀದರ್, ಆಳಂದ ಕಡೆ ಮರಾಠಿ, ಸೇಡಂ, ಗುರುಮಠಕಲ್ ಕಡೆ ತೆಲುಗು, ಎಲ್ಲೆಡೆ ದಖನಿ ಉರ್ದು, ತಾಂಡಾದಿಂದ ಬರುವ ಮಕ್ಕಳ ಮನೆಮಾತು ಲಂಬಾಣಿ. ಇಷ್ಟು ಮಾತುಗಳ ನಡುವೆ ಬೆಳೆದ ಮಕ್ಕಳು ಒಬ್ಬರಿಗೊಬ್ಬರು ಕಲಿಸಬಹುದಿತ್ತು. ಆದರೆ ಲಂಬಾಣಿ ಹುಡುಗಿ ಪಾಠ ಓದಲು ಎದ್ದು ನಿಂತರೆ ಹಿಂದಿನ ಬೆಂಚಿನಿಂದ ಅವಳ ರಾಗವನ್ನೇ ಎಳೆದು ಅಣಕಿಸುತ್ತಾರೆ. ಮೂರನೇ ದಿನಕ್ಕೆ ಅವಳು "ಓದಾಕ ಬರಂಗಿಲ್ರಿ" ಅಂತ ಕೂತುಬಿಡುತ್ತಾಳೆ. ಅವಳಿಗೆ ಓದಲು ಬರುತ್ತದೆ.

ಎರಡನೆಯದು ದುಡಿಯಲು ಹೋಗಿ ಬರುವುದು. ನಮ್ಮ ಭಾಗದ ಜಿಲ್ಲೆಗಳಿಂದ ಕುಟುಂಬಗಳು ಪುಣೆ, ಮುಂಬೈ, ಹೈದರಾಬಾದ್, ಬೆಂಗಳೂರು ಅಂತ ಹೋಗುತ್ತವೆ, ಮಧ್ಯದಲ್ಲಿ ವಾಪಸ್ ಬರುತ್ತವೆ. ನಾಲ್ಕು ತಿಂಗಳು ಬಿಟ್ಟು ಬಂದ ಹುಡುಗನಿಗೆ ಪಾಠವೂ ತಪ್ಪಿರುತ್ತದೆ, ಗುಂಪೂ ತಪ್ಪಿರುತ್ತದೆ. ಅವನ ಜಾಗದಲ್ಲಿ ಬೇರೆ ಯಾರೋ ಕೂತಿರುತ್ತಾರೆ.

ಮೂರನೆಯದು ತಟ್ಟೆ. 2021ರ ಡಿಸೆಂಬರ್‌ನಲ್ಲಿ ನಮ್ಮ ಭಾಗದ ಜಿಲ್ಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ, ಬೇಡವಾದವರಿಗೆ ಬಾಳೆಹಣ್ಣು ಕೊಡಲು ಶುರುವಾಯಿತು. ಒಳ್ಳೆಯ ಕೆಲಸ, ಮಕ್ಕಳ ಮೈಗೆ ಬೇಕಾದದ್ದು. ಆದರೆ ಯಾರು ಯಾವುದನ್ನು ತಗೊಂಡರು ಅನ್ನುವುದನ್ನೇ ಮಾತಾಗಿ ಮಾಡಿಕೊಂಡು ಎರಡೂ ಕಡೆ ಚುಚ್ಚುವುದನ್ನು ನೋಡಿದ್ದೇನೆ. ಮೊಟ್ಟೆ ಇಷ್ಟವಿದ್ದ ಹುಡುಗ ದೋಸ್ತರಿಗೆ ಹೆದರಿ ಬಾಳೆಹಣ್ಣು ತಗೊಳ್ಳುವುದನ್ನೂ ನೋಡಿದ್ದೇನೆ.

ಜಾತಿ, ಮೈಬಣ್ಣ, ತೊದಲು, ಕುಂಟು, ಅವ್ವ ಕಸ ಗುಡಿಸುತ್ತಾಳೆ ಅನ್ನುವುದು... ಈ ಪಟ್ಟಿ ಮುಗಿಯುವುದಿಲ್ಲ. ಮಕ್ಕಳು ಇದನ್ನೆಲ್ಲ ಶಾಲೆಯಲ್ಲಿ ಕಲಿತದ್ದಲ್ಲ ಅಂತ ಮಾತ್ರ ಹೇಳುತ್ತೇನೆ.

ನನ್ನ ಮಗ ಹೊಡೆದಿಲ್ಲ, ಬೈದಿಲ್ಲ. ಸುಮ್ನೆ ನಿಂತಿದ್ದ. ಅವನನ್ನೂ ಯಾಕೆ ಕರೆಸಿದಿರಿ?

ಈ ಪ್ರಶ್ನೆ ಕೇಳುವಾಗ ಹೆಚ್ಚಿನವರಿಗೆ ಸಿಟ್ಟು ಬಂದಿರುತ್ತದೆ. ಅರ್ಥವಾಗುತ್ತದೆ. ಆದರೂ ಸ್ವಲ್ಪ ಕೇಳಿ.

ಫಿನ್‌ಲ್ಯಾಂಡಿನ ಕ್ರಿಸ್ಟಿನಾ ಸಾಲ್ಮಿವಲ್ಲಿ ಮತ್ತು ಅವರ ಜೊತೆಗಾರರು 1996ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಆರನೇ ತರಗತಿಯ 573 ಮಕ್ಕಳು. ಕಾಡಿಸುವಾಗ ಯಾರು ಏನು ಮಾಡುತ್ತಾರೆ ಅಂತ ಮಕ್ಕಳನ್ನೇ ಕೇಳಿದರು. ಮುಂದೆ ನಿಂತು ಕಾಡಿಸುವವರು ನೂರಕ್ಕೆ 8 ಮಂದಿ ಮಾತ್ರ. ಅವರ ಜೊತೆ ಕೈ ಜೋಡಿಸುವವರು ಸುಮಾರು 7. ನಕ್ಕು, ಕೇಕೆ ಹಾಕಿ ಹುರಿದುಂಬಿಸುವವರು ಸುಮಾರು 20. ನನಗ್ಯಾಕೆ ಅಂತ ದೂರ ಉಳಿಯುವವರು ಸುಮಾರು 24. ನೊಂದವರ ಪರ ನಿಲ್ಲುವವರು 17. ಉಳಿದವರಲ್ಲಿ ಕಾಡಿಸಿಕೊಳ್ಳುವವರು, ಯಾವ ಗುಂಪಿಗೂ ಸೇರದವರು.

ಇದನ್ನು ನಮ್ಮ 40 ಮಕ್ಕಳ ಕ್ಲಾಸಿಗೆ ಇಳಿಸಿ ನೋಡಿ. ಕಾಡಿಸುವವರು ಮೂರು ಜನ. ನಗುವವರು ಎಂಟು ಜನ. ನೋಡಿಯೂ ನೋಡದವರು ಒಂಬತ್ತು ಹತ್ತು ಜನ. ಆ ಮೂವರ ಧೈರ್ಯ ಎಲ್ಲಿಂದ ಬರುತ್ತದೆ? ಎಂಟು ಜನರ ನಗುವಿನಿಂದ ಅಲ್ವಾ? ಬಯಲಾಟಕ್ಕೆ ಜನ ಸೇರದಿದ್ದರೆ ವೇಷಗಾರ ಎಷ್ಟು ಹೊತ್ತು ಕುಣಿದಾನು?

ಸುಮ್ಮನೆ ನಿಂತ ನಿಮ್ಮ ಮಗನಿಗೆ ಶಿಕ್ಷೆ ಕೊಡಲು ನಾನು ಕರೆಸಿದ್ದಲ್ಲ. ಅವನು ಏನು ನೋಡಿದ ಅಂತ ಕೇಳಲು ಕರೆಸಿದ್ದು. ಪೆಟ್ಟು ತಿಂದವನಿಗೆ ಅವನ ಮೌನ "ನಾನೂ ಅವರ ಕಡೆ" ಅಂತ ಕೇಳಿಸಿರುತ್ತದೆ. ಅದು ಅವನಿಗೆ ಗೊತ್ತಾಗಬೇಕು, ಅಷ್ಟೆ.

ಅಷ್ಟೊಂದು ಮಕ್ಕಳಿದ್ದರೂ ಒಬ್ಬರೂ ಬಿಡಿಸಲಿಲ್ಲ. ಈಗಿನ ಮಕ್ಕಳಿಗೆ ಕರುಣೆಯೇ ಇಲ್ವಾ?

ಇದೆ. ಜಾಸ್ತಿ ಜನ ಇದ್ದದ್ದೇ ತೊಂದರೆ.

1968ರಲ್ಲಿ ಅಮೆರಿಕದ ಜಾನ್ ಡಾರ್ಲಿ, ಬಿಬ್ ಲಟಾನೆ ಅನ್ನುವ ಇಬ್ಬರು ಒಂದು ಪ್ರಯೋಗ ಮಾಡಿದರು. ಒಬ್ಬೊಬ್ಬರನ್ನು ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ ಇಂಟರ್‌ಕಾಮ್‌ನಲ್ಲಿ ಮಾತಾಡಿಸಿದರು. ನಡುವೆ ಒಬ್ಬನಿಗೆ ಮೂರ್ಛೆ ಬಂದಂತೆ ಧ್ವನಿ ಕೇಳಿಸಿದರು. ಇದನ್ನು ಕೇಳುತ್ತಿರುವುದು ತಾನೊಬ್ಬನೇ ಅಂದುಕೊಂಡವರಲ್ಲಿ ನೂರಕ್ಕೆ 85 ಮಂದಿ ಅವನು ಮಾತಾಡುತ್ತಿರುವಾಗಲೇ ಎದ್ದು ಓಡಿದರು. ಇನ್ನೂ ನಾಲ್ವರು ಕೇಳುತ್ತಿದ್ದಾರೆ ಅಂದುಕೊಂಡವರಲ್ಲಿ 31 ಮಂದಿ ಮಾತ್ರ. ಯಾರೋ ಒಬ್ಬರು ಹೋಗುತ್ತಾರೆ ಬಿಡು ಅನ್ನುವ ಲೆಕ್ಕ. ಎಲ್ಲರದ್ದೂ ಅದೇ ಲೆಕ್ಕವಾದರೆ ಯಾರೂ ಹೋಗುವುದಿಲ್ಲ.

ಮಕ್ಕಳಲ್ಲಿ ಇನ್ನೆರಡು ಸೇರುತ್ತವೆ. ಒಂದು, ನಾಳೆ ನನ್ನ ಪಾಳಿ ಬರಬಾರದು ಅನ್ನುವ ಭಯ. ಎರಡು, ಉಳಿದವರಿಗೆಲ್ಲ ಇದು ಮಜಾ ಅನಿಸುತ್ತಿದೆ, ನನಗೊಬ್ಬನಿಗೇ ಕಸಿವಿಸಿ ಅನ್ನುವ ತಪ್ಪು ತಿಳಿವಳಿಕೆ. ಒಂದು ಸಲ ಚೀಟಿಯಲ್ಲಿ ಹೆಸರು ಬರೆಯದೆ "ಆಗ ನಿಮಗೆ ಹೇಗನಿಸಿತು" ಅಂತ ಬರೆಸಿ, ಚೀಟಿಗಳನ್ನು ಕ್ಲಾಸಿನಲ್ಲೇ ಓದಿದೆ. ಮುಕ್ಕಾಲು ಜನ ಬರೆದದ್ದು ಒಂದೇ: "ಪಾಪ ಅನಸ್ತು". ಓದಿ ಮುಗಿಸುವಾಗ ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅದಕ್ಕಿಂತ ಒಳ್ಳೆಯ ಪಾಠ ನಾನು ಮಾಡಿಲ್ಲ ಅನಿಸುತ್ತದೆ.

ಇನ್ನೊಂದು ಮಾತು, ನಮ್ಮ ಮೇಲೇ. "ಊರ ಉಸಾಬರಿ ನಿನಗ್ಯಾಕ, ನಿನ್ನ ಪಾಡಿಗೆ ನೀನು ಇರು" ಅಂತ ಮಕ್ಕಳಿಗೆ ಬುದ್ಧಿ ಹೇಳಿ ಕಳಿಸುವವರು ನಾವೇ.

ಹಾಗಾದರೆ ನೋಡಿದ ಮಗು ಏನು ಮಾಡಬೇಕು? ನಡುವೆ ಹೋದರೆ ಅದಕ್ಕೂ ಪೆಟ್ಟು ಬೀಳುತ್ತದಲ್ಲ?

ನಡುವೆ ಹಾರಿ ಹೊಡೆದಾಡು ಅಂತ ಯಾವ ಮಗುವಿಗೂ ನಾನು ಹೇಳುವುದಿಲ್ಲ. ಕಲ್ಲು, ಬ್ಲೇಡು, ದೊಡ್ಡ ಹುಡುಗರ ಗುಂಪು ಕಂಡರೆ ಓಡಿ ಹೋಗಿ ದೊಡ್ಡವರನ್ನು ಕರೆಯುವುದೇ ಸರಿ.

ಉಳಿದ ಹೊತ್ತಿಗೆ ಸಣ್ಣ ಕೆಲಸ ಸಾಕು. ಕೆನಡಾದ ಟೊರಾಂಟೊದಲ್ಲಿ ಶಾಲೆಯ ಮೈದಾನಕ್ಕೆ ಕ್ಯಾಮೆರಾ ಇಟ್ಟು, ಮಕ್ಕಳಿಗೆ ಮೈಕ್ ಸಿಗಿಸಿ ನೋಡಿದ ಅಧ್ಯಯನವೊಂದು 2001ರಲ್ಲಿ ಬಂತು. ಕಾಡಿಸಿದ ನೂರು ಸಲದಲ್ಲಿ 88 ಸಲ ಬೇರೆ ಮಕ್ಕಳು ಅಲ್ಲೇ ಇದ್ದರು. ಅವರು ಅಡ್ಡ ಬಂದದ್ದು 19 ಸಲ ಮಾತ್ರ. ಆದರೆ ಹಾಗೆ ಅಡ್ಡ ಬಂದಾಗ ಅರ್ಧಕ್ಕಿಂತ ಜಾಸ್ತಿ ಸಲ, ನೂರಕ್ಕೆ 57ರಷ್ಟು, ಹತ್ತು ಸೆಕೆಂಡಿನೊಳಗೆ ಕಾಡಿಸುವುದು ನಿಂತಿತು. ಹತ್ತು ಸೆಕೆಂಡು!

ನಮ್ಮ ಮಕ್ಕಳಿಗೆ ನಾನು ಕಲಿಸಿದ್ದು ಮಾತು ತಿರುಗಿಸುವುದನ್ನು. ಸಿಕ್ಕಿಹಾಕಿಕೊಂಡವನನ್ನು ಹೆಸರು ಹಿಡಿದು ಕರೆಯುವುದು, ಅಡ್ಡಹೆಸರಲ್ಲ, ಹಾಜರಿ ಪುಸ್ತಕದ ಹೆಸರು. "ಬಾರೋ, ಸರ್ ಕರೀಲಕತ್ತಾರ." ಸರ್ ಕರೆದಿರುವುದಿಲ್ಲ. ಅಷ್ಟು ಸುಳ್ಳಿಗೆ ನನ್ನ ಕಡೆಯಿಂದ ಮಾಫಿ. "ನೀರ್ ಕುಡಿಯಾಕ ಹೋಗಮು ಬಾ" ಅಂತ ಕೈ ಹಿಡಿದು ಕರೆದುಕೊಂಡು ಹೋದರೂ ಆಯಿತು. ಒಬ್ಬರಿಗೆ ಆಗದಿದ್ದರೆ ಇಬ್ಬರು ಸೇರಿ ಹೋಗಲಿ. ಇಬ್ಬರಾದರೆ ಭಯ ಅರ್ಧ ಆಗುತ್ತದೆ.

ಅದೂ ಆಗದ ಮಗು ನಗದೇ ಇರಲಿ. ಅಲ್ಲಿಂದ ಎದ್ದು ಹೋಗಲಿ. ಆಮೇಲೆ ಊಟದ ಹೊತ್ತಿಗೆ ನೊಂದವನ ಪಕ್ಕ ಕೂತು "ಅವರು ಮಾಡಿದ್ದು ಸರಿಯಲ್ಲ" ಅನ್ನಲಿ. ಪೆಟ್ಟಿಗಿಂತ ಒಂಟಿತನ ಜಾಸ್ತಿ ನೋಯಿಸಿತ್ತು ಅಂತ ದೊಡ್ಡವರಾದ ಮೇಲೆ ನನ್ನ ಹಳೆಯ ವಿದ್ಯಾರ್ಥಿಗಳು ಹೇಳಿದ್ದಾರೆ.

ಟೀಚರ್‌ಗೆ ಹೇಳಿದರೆ ಚುಗಲಿಖೋರ ಅಂತಾರೆ.

ಒಬ್ಬನನ್ನು ಸಿಕ್ಕಿಸಲು ಹೇಳಿದರೆ ಚುಗಲಿ, ಒಬ್ಬನನ್ನು ಬಿಡಿಸಲು ಹೇಳಿದರೆ ಸಹಾಯ. ಮಕ್ಕಳಿಗೆ ಈ ಫರಕು ಬೇಗ ಅರ್ಥವಾಗುತ್ತದೆ. ಅರ್ಥವಾಗದೇ ಇರುವುದು ನಮಗೆ, ಶಿಕ್ಷಕರಿಗೆ. ಕ್ಲಾಸಿನ ಎದುರೇ "ಯಾರು ಹೇಳಿದ್ದು ಗೊತ್ತಾ, ಇವಳೇ ಹೇಳಿದ್ದು" ಅಂದುಬಿಡುತ್ತೇವೆ. ಆಮೇಲೆ ಆ ವರ್ಷ ಯಾರೂ ಬಾಯಿ ಬಿಡುವುದಿಲ್ಲ. ಸಲಹಾ ಪೆಟ್ಟಿಗೆಗೂ ಇದೇ ಮಾತು: ಹೆಡ್ ಮಾಸ್ತರ ಬಾಗಿಲ ಎದುರು ತೂಗುಹಾಕಿದರೆ ಯಾವ ಮಗು ಚೀಟಿ ಹಾಕೀತು? ನೀರಿನ ನಲ್ಲಿ ಕಡೆ, ಎಲ್ಲರೂ ಓಡಾಡುವಲ್ಲಿ ಇಡಿ. ವಾರಕ್ಕೊಮ್ಮೆ ತೆಗೆಯಿರಿ.

"ಅಳಬೇಡ, ನೀನೂ ಎರಡು ಬಾರಿಸು" ಅಂತ ನಮ್ಮ ಮನೆಯವರು ಹೇಳ್ತಾರೆ. ತಪ್ಪಾ?

ಎರಡು ಬಾರಿಸುವ ತಾಕತ್ತಿದ್ದರೆ ಅವನನ್ನು ಆರಿಸಿಕೊಳ್ಳುತ್ತಲೇ ಇರಲಿಲ್ಲ. ಈ ಮಾತು ಕೇಳಿದ ಮಗು ಎರಡನೇ ಸಲ ಮನೆಯಲ್ಲಿ ಹೇಳುವುದಿಲ್ಲ. ಹೊಡೆಯಲಾಗದ ನಾಚಿಕೆಯೂ ಮೇಲೆ ಸೇರುತ್ತದೆ.

ಇಬ್ಬರನ್ನೂ ಕರೆದು ಕೈ ಕೊಡಿಸಿ ರಾಜಿ ಮಾಡಿಸಿದರೆ ಆಯ್ತಲ್ಲ?

ನಾನೂ ಹಾಗೇ ಮಾಡಿದ್ದೆ. ಏಳನೇ ತರಗತಿಯ ಇಬ್ಬರು ಹುಡುಗರು. ಸ್ಟಾಫ್ ರೂಮಿಗೆ ಕರೆದೆ, ಅಣ್ಣ ತಮ್ಮರ ಹಾಗೆ ಇರ್ರಿ ಅಂದೆ, ಕೈ ಕುಲುಕಿಸಿದೆ, ದೊಡ್ಡ ಕೆಲಸ ಮಾಡಿದ ಸಮಾಧಾನದಲ್ಲಿ ಚಹಾ ಕುಡಿದೆ. ಸಣ್ಣ ಹುಡುಗ ಮರುದಿನದಿಂದ ಬರಲಿಲ್ಲ. ಹೊಟ್ಟೆನೋವು ಅಂದರು. ಎರಡು ವಾರ ಬಿಟ್ಟು ಮನೆಗೆ ಹೋದಾಗ ಅವನೇ ಹೇಳಿದ: "ನೀವು ಕೈ ಕೊಡ್ಸಿದ್ರಿ ಟೀಚರ್. ಹೊರಗ ಹೋದ ಮ್ಯಾಗ ಅದೇ ಕೈ ತಿರುವಿದ."

ಸಮಬಲದವರ ಜಗಳಕ್ಕೆ ರಾಜಿ ಸರಿ. ಬಲ ಒಂದೇ ಕಡೆ ಇದ್ದಾಗ ರಾಜಿ ಅಂದರೆ ಸಣ್ಣವನಿಗೆ "ನಿನ್ನದೂ ಅರ್ಧ ತಪ್ಪು" ಅಂದಂತೆ. ಈಗ ನಾನು ಇಬ್ಬರನ್ನೂ ಬೇರೆ ಬೇರೆ ಮಾತಾಡಿಸುತ್ತೇನೆ, ನೋಡಿದವರನ್ನು ಒಬ್ಬೊಬ್ಬರಾಗಿ ಕೇಳುತ್ತೇನೆ, ವಾರ ಬಿಟ್ಟು ಮತ್ತೆ ವಿಚಾರಿಸುತ್ತೇನೆ. ಆ ಎರಡನೇ ವಿಚಾರಣೆಯನ್ನು ಮಾತ್ರ ಮರೆಯಬಾರದು.

ಮಗಳು ಹಾಸ್ಟೆಲ್‌ನಲ್ಲಿದ್ದಾಳೆ. ಫೋನಿನಲ್ಲಿ "ಆರಾಮ ಇದೀನಿ" ಅಂತಾಳೆ ಅಷ್ಟೇ. ಗೊತ್ತಾಗುವುದು ಹೇಗೆ?

ವಾರ್ಡನ್ ಫೋನಿನಲ್ಲಿ, ಪಕ್ಕದಲ್ಲಿ ನಾಲ್ಕು ಜನ ನಿಂತಿರುವಾಗ, ಯಾವ ಮಗುವೂ ಬೇರೆ ಉತ್ತರ ಕೊಡುವುದಿಲ್ಲ. ಹೋಗಿ ನೋಡಿ. "ಯಾರಾದರೂ ಕಾಡಿಸ್ತಾರಾ" ಅಂತ ನೇರ ಕೇಳಿದರೆ ಇಲ್ಲ ಅನ್ನುತ್ತಾಳೆ. ಊಟಕ್ಕೆ ಯಾರ ಪಕ್ಕ ಕೂರ್ತೀಯಾ, ರಾತ್ರಿ ಬಾತ್‌ರೂಮಿಗೆ ಯಾರ ಜೊತೆ ಹೋಗ್ತೀಯಾ, ನಾನು ಕಳಿಸಿದ ಶೇಂಗಾ ಹಿಂಡಿ ಯಾರ್ಯಾರು ತಿಂದರು ಅಂತ ಕೇಳಿ. ಡಬ್ಬಿ ಅವತ್ತೇ ಖಾಲಿಯಾಗಿ, ಅವಳು ಒಂದು ಚಮಚೆಯನ್ನೂ ತಿಂದಿಲ್ಲ ಅಂದರೆ ವಿಷಯ ಇದೆ. ಹಬ್ಬಕ್ಕೆ ಬಂದವಳು ವಾಪಸ್ ಹೋಗುವ ದಿನ ಜ್ವರ ಹಿಡಿದರೂ ಹಾಗೇ ಅನುಮಾನಪಡಿ.

ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಕ್ಲಾಸಿನ ಹುಡುಗಿಯ ಫೋಟೊ ಹಾಕಿ ಆಡಿಕೊಂಡಿದ್ದಾರೆ. ನನ್ನ ಮಗ ಏನೂ ಬರೆದಿಲ್ಲ, ನಗುವ ಇಮೋಜಿ ಒತ್ತಿದ್ದಾನೆ.

ಒತ್ತಿದ್ದೂ ನಕ್ಕಂತೆಯೇ. ಆ ಇಮೋಜಿ ಅಳಿಸಿ, ಆ ಹುಡುಗಿಗೆ ಒಂದು ಮಾತು ಬರೆಯಲು ಮಗನಿಗೆ ಹೇಳಿ. ಗ್ರೂಪಿನ ಮಾತುಗಳ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ಆದರೆ ಫೋಟೊ ಮೈ ಕಾಣುವಂಥದ್ದಾಗಿದ್ದರೆ ಸಾಕ್ಷಿಗೆಂದು ಕೂಡ ಯಾರಿಗೂ ಕಳಿಸಬೇಡಿ. ಮಕ್ಕಳ ಅಂಥ ಚಿತ್ರ ಹಂಚುವುದು ಐಟಿ ಕಾಯ್ದೆ ಮತ್ತು 2012ರ ಪೋಕ್ಸೊ ಕಾಯ್ದೆಯಲ್ಲಿ ಅಪರಾಧ. ನೇರವಾಗಿ ಸೈಬರ್ ಅಪರಾಧ ನೋಡಿಕೊಳ್ಳುವ ಜಿಲ್ಲೆಯ ಸೆನ್ ಪೊಲೀಸ್ ಠಾಣೆಗೆ ಹೋಗಿ, ಅಥವಾ ಕೇಂದ್ರದ ಸೈಬರ್ ಕ್ರೈಂ ಪೋರ್ಟಲ್‌ನಲ್ಲಿ ದೂರು ಹಾಕಿ.

ಶಿಕ್ಷಕರೇ ಅಡ್ಡಹೆಸರು ಇಟ್ಟು ಕರೆದರೆ?

ಆಗ ಇಡೀ ಕ್ಲಾಸಿಗೆ ಪರವಾನಗಿ ಸಿಕ್ಕಂತೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೊಡೆಯುವುದನ್ನಷ್ಟೇ ಅಲ್ಲ, ಮನಸ್ಸಿಗೆ ಹಿಂಸೆ ಕೊಡುವುದನ್ನೂ ತಡೆಯುತ್ತದೆ. ಹೆಡ್ ಮಾಸ್ತರಿಗೆ ಬರೆದು ಕೊಡಿ.

ನಮ್ಮ ಹುಡುಗನೇ ಕಾಡಿಸ್ತಾನಂತೆ. ಊರೆಲ್ಲ ಹೇಳ್ತಾ ಇದ್ದಾರೆ. ತಲೆ ಎತ್ತಿ ಓಡಾಡುವ ಹಾಗಿಲ್ಲ.

ಮೊದಲು ಹೊಡೆಯಬೇಡಿ. ಸಣ್ಣವರಿಗೆ ದೊಡ್ಡವರು ಹೊಡೆಯಬಹುದು ಅನ್ನುವುದನ್ನೇ ಅವನು ಶಾಲೆಯಲ್ಲಿ ಮಾಡುತ್ತಿರುವುದು, ಮತ್ತೆ ಅದನ್ನೇ ಯಾಕೆ ಕಲಿಸುತ್ತೀರಿ? ಏನು ಮಾಡಿದೆ, ಯಾರು ಯಾರು ಇದ್ದರು ಅಂತ ಪೂರ್ತಿ ಹೇಳಿಸಿ. ಹರಿದದ್ದನ್ನು ಹೊಲಿಸಿಕೊಡಲಿ, ಮುರಿದ ಕಂಪಾಸ್ ಬದಲು ಹೊಸದು ತನ್ನ ಕೂಡಿಟ್ಟ ದುಡ್ಡಿನಲ್ಲಿ ತಂದುಕೊಡಲಿ. ಅವನ ದೋಸ್ತರು ಯಾರು, ಅವರೆದುರು ಅವನಿಗೆ ಏನು ಸಾಬೀತು ಮಾಡಬೇಕಿದೆ ಅಂತಲೂ ನೋಡಿ. ಕಾಡಿಸುವ ಎಷ್ಟೋ ಹುಡುಗರು ಬೇರೆ ಕಡೆ ತಾವೇ ಕಾಡಿಸಿಕೊಂಡವರು. ಅದು ಕಾರಣ ಆಗಬಹುದು, ನೆಪ ಆಗಬಾರದು.

ಶಾಲೆಯಲ್ಲಿ ಯಾರೂ ಕೇಳುತ್ತಿಲ್ಲ. ಮುಂದೆ ಎಲ್ಲಿಗೆ?

ಕ್ಲಾಸ್ ಟೀಚರ್, ಹೆಡ್ ಮಾಸ್ತರ್, ಆಮೇಲೆ ಎಸ್‌ಡಿಎಂಸಿ. ಅಲ್ಲೂ ಆಗದಿದ್ದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿ, ನಂತರ ಡಿಡಿಪಿಐ (ಜಿಲ್ಲೆಯ ಉಪನಿರ್ದೇಶಕರು). ಬಾಯಿ ಮಾತಿಗಿಂತ ತಾರೀಕು ಹಾಕಿ ಬರೆದ ಅರ್ಜಿಗೆ ಬೆಲೆ. ಒಂದು ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಮಕ್ಕಳ ಸಹಾಯವಾಣಿ 1098, ಹಗಲು ರಾತ್ರಿ ಉಚಿತ, ಮಗುವೇ ಮಾಡಬಹುದು, ನೋಡಿದ ಮಗುವೂ ಮಾಡಬಹುದು. ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿ ನಡೆಸುವ ಮಕ್ಕಳ ಗ್ರಾಮಸಭೆ ಇದೆ. ಕಾಂಪೌಂಡ್, ಶೌಚಾಲಯದ ಜೊತೆ ಈ ವಿಷಯವನ್ನೂ ಮಕ್ಕಳು ಅಲ್ಲಿ ಎತ್ತಲಿ.

ಲೈಂಗಿಕವಾಗಿ ಪೀಡಿಸಿದ್ದರೆ ಶಾಲೆಯೊಳಗೆ ಮಾತಾಡಿ ಮುಗಿಸುವ ಹಾಗಿಲ್ಲ. ಪೋಕ್ಸೊ ಪ್ರಕಾರ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಡುವುದೂ ಅಪರಾಧ. ಮಗು ನಿದ್ದೆ ಊಟ ಬಿಟ್ಟಿದ್ದರೆ, ಸಾಯುವ ಮಾತಾಡಿದರೆ ಕಾಯಬೇಡಿ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಮಗುವನ್ನು ಒಂಟಿಯಾಗಿ ಬಿಡದೆ ಜಿಲ್ಲಾಸ್ಪತ್ರೆಗೆ ಕರೆದುಕೊಂಡು ಹೋಗಿ.

ಶಿಕ್ಷಕರು ಒಂದೇ ಒಂದು ಕೆಲಸ ಮಾಡಬೇಕೆಂದರೆ ಯಾವುದು?

ಕಾಡಿಸುವವನನ್ನು ಬೈಯುವ ಸಮಯದಲ್ಲಿ ಅರ್ಧವನ್ನು ಉಳಿದ ಮಕ್ಕಳ ಜೊತೆ ಕಳೆಯಿರಿ. ಫಿನ್‌ಲ್ಯಾಂಡಿನಲ್ಲಿ ಕಿವಾ ಅನ್ನುವ ಕಾರ್ಯಕ್ರಮವನ್ನು ಕಟ್ಟಿದ್ದೇ ಈ ಲೆಕ್ಕದ ಮೇಲೆ: ನೋಡುವವರು ಬದಲಾದರೆ ಆಟ ನಿಲ್ಲುತ್ತದೆ. ಅಲ್ಲಿ ಚಿಕ್ಕ ತರಗತಿಗಳಲ್ಲಿ ಫಲ ಚೆನ್ನಾಗಿ ಕಂಡಿತು, 7ರಿಂದ 9ನೇ ತರಗತಿಗಳಲ್ಲಿ ಕಡಿಮೆ. ಹಾಗಾಗಿ ಎಂಟನೇ ತರಗತಿಗೆ ಬಂದ ಮೇಲೆ ನೋಡೋಣ ಅನ್ನದೆ ನಾಲ್ಕರಲ್ಲೇ ಶುರು ಮಾಡಿ. ಕೆಲಸದ ಹೊರೆ ಎಷ್ಟಿದೆ ಅಂತ ನನಗೂ ಗೊತ್ತು. ಶನಿವಾರ ಬೆಳಗಿನ ಶಾಲೆಯಲ್ಲಿ ಇಪ್ಪತ್ತು ನಿಮಿಷ ಸಿಗುತ್ತದೆ.

ಟೀಚರ್, ಹೋದ ವರ್ಷ ನಾನೂ ನಕ್ಕಿದ್ದೆ. ಈಗ ಏನ್ ಮಾಡ್ಲಿ?

ಇದನ್ನು ಕೇಳಿದ್ದು ಏಳನೇ ತರಗತಿಯ ಹುಡುಗಿ, ಎಲ್ಲರೂ ಹೋದ ಮೇಲೆ, ಬಾಗಿಲ ಹತ್ತಿರ ನಿಂತು.

ಅವಳಿಗೆ ಹೇಳಿದ್ದನ್ನೇ ಹೇಳುತ್ತೇನೆ. ಎಲ್ಲರ ಎದುರು ಸಾರಿ ಕೇಳಬೇಡ, ನೊಂದವಳನ್ನು ಇನ್ನೊಂದು ಸಲ ಎಲ್ಲರೂ ನೋಡುವ ಹಾಗಾಗುತ್ತದೆ. ಒಬ್ಬಳೇ ಇದ್ದಾಗ ಹೇಳು: "ಅವತ್ತು ನಾನು ನಗಬಾರದಿತ್ತು." ಅವಳು ಮಾತಾಡದೇ ಹೋಗಬಹುದು, ಸಿಟ್ಟಾಗಬಹುದು, ಅದು ಅವಳ ಹಕ್ಕು. ಬಿಸಿಯೂಟಕ್ಕೆ ಅವಳ ಪಕ್ಕ ಜಾಗ ಖಾಲಿ ಇದ್ದರೆ ತಟ್ಟೆ ತಗೊಂಡು ಹೋಗಿ ಕೂರು. ನಾಳೆನೂ ಕೂರು.

ಮರುದಿನ ನೋಡಿದೆ. ಪಕ್ಕದಲ್ಲಿ ಕೂತಿರಲಿಲ್ಲ. ಎರಡು ಮಕ್ಕಳಷ್ಟು ಜಾಗ ಬಿಟ್ಟು ಕೂತಿದ್ದಳು.